ಬಂದೂಕಿನ ಮುಸುರೆ

ನಮ್ಮ ಅಡುಗೆಮನೆಯಲ್ಲಿ ಎರಡು ಲಾಳಿಕೆಗಳಿವೆ. ಒಂದು ಸ್ಟೀಲಿನದು, ದೊಡ್ಡ ಕ್ಯಾನಿನಿಂದ ಶೇಂಗಾ ಎಣ್ಣೆಯನ್ನು ಬಾಟಲಿಗೆ ಇಳಿಸುವುದಕ್ಕೆ. ಇನ್ನೊಂದು ತಗಡಿನದು, ಉದ್ದ ಕೊಕ್ಕಿನದು. ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಮನೆಗೆ ಬಂದವರು ಯಾರಾದರೂ ಉಪಕಾರ ಮಾಡಲು ಹೋಗಿ ಕೆಂಪು ದಾರದ್ದನ್ನು ಎತ್ತಿಕೊಂಡರೆ ನಮ್ಮ ಯಜಮಾನರು ಸೋಫಾದಿಂದಲೇ ಕೂಗುತ್ತಾರೆ: "ಅದು ಬ್ಯಾಡ್ರೀ, ಅದು ಬಂದೂಕಿಂದು!" ಬಂದವರ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಟೆಕ್ಸಸ್‌ನ ಕಾಪೆಲ್ ಊರಿನ ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ನಮ್ಮ ದೇಶದವರೇ. ಬಂದೂಕಿಗೆ ಅಂತ ಬೇರೆ ಲಾಳಿಕೆ ಇಟ್ಟಿರುವ ಮನೆ ಮಾತ್ರ ನಮ್ಮದೊಂದೇ ಇರಬೇಕು.

ಹಾರಿಸುವವರು ಅವರಲ್ಲ, ನಾನು. ಇದನ್ನು ಹೇಳಿದಾಗ ಜನ ನನ್ನ ಮುಖ ನೋಡುವುದಿಲ್ಲ, ಅವರ ಮುಖ ನೋಡುತ್ತಾರೆ, ಅಯ್ಯೋ ಪಾಪ ಎನ್ನುವ ಹಾಗೆ. ನನಗೆ ಐವತ್ಮೂರು. ಎತ್ತರ ಐದಡಿ, ಚಪ್ಪಲಿಯನ್ನೂ ಸೇರಿಸಿ. ಪಕ್ಕದ ಊರು ಲೂಯಿಸ್‌ವಿಲ್‌ನಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಹುಟ್ಟಿದ್ದು ಗದಗಿನಲ್ಲಿ. ಅಲ್ಲಿ ನಾನು ದೀಪಾವಳಿ ಪಟಾಕಿಯನ್ನು ಕೂಡ ಉದ್ದ ಕೋಲಿಗೆ ಊದುಬತ್ತಿ ಕಟ್ಟಿಕೊಂಡು, ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡು ಹಚ್ಚುತ್ತಿದ್ದ ಶೂರೆ. ಬತ್ತಿಗೆ ಬೆಂಕಿ ತಾಗುವ ಮೊದಲೇ ಓಡಿಬಿಡುತ್ತಿದ್ದರಿಂದ ನನ್ನ ಅರ್ಧ ಪಟಾಕಿಗಳು ಮರುದಿನ ತಮ್ಮಂದಿರ ಪಾಲಾಗುತ್ತಿದ್ದವು.

ಹೀಗಿದ್ದವಳು ಕೆಟ್ಟದ್ದು ವರ್ನನ್ ಎಂಬ ಮುದುಕರಿಂದ. ಐದು ವರ್ಷದ ಹಿಂದೆ ಅವರು ಕ್ಲಿನಿಕ್ಕಿಗೆ ಬಂದಾಗ ಕೈಯಲ್ಲಿ ಪೊರಕೆಯ ಕೋಲೊಂದಿತ್ತು, ಅದರ ತುದಿಗೆ ಒಂದು ಮೊಳೆ. ಪರೀಕ್ಷೆಯ ಕುರ್ಚಿಯಲ್ಲಿ ಕೂತವರೇ ಕೋಲನ್ನು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ನನ್ನ ಅಕ್ಷರದ ಚಾರ್ಟಿಗೆ ಗುರಿಯಿಟ್ಟರು. ಅವರು ಮಾತಾಡುವುದು ಎಳೆದೆಳೆದು ಆಡುವ ಹಳೆಯ ಟೆಕ್ಸಸ್ ಇಂಗ್ಲಿಷು. ಅದು ನನ್ನ ಕಿವಿಗೆ ಮೊದಲ ದಿನದಿಂದಲೂ ಗದಗಿನ ಹೊಲದ ಕಡೆಯವರ ಕನ್ನಡದ ಹಾಗೇ ಕೇಳಿಸಿದೆ. ಇಲ್ಲಿ ಹಾಗೇ ಬರೆಯುತ್ತೇನೆ, ನೀವು ತಪ್ಪು ತಿಳಿಯಬಾರದು.

"ಡಾಕ್, ನನಗ ಓದಾಕ ಕನ್ನಡಕ ಬ್ಯಾಡ, ಕಾರ್ ಹೊಡ್ಯಾಕೂ ಬ್ಯಾಡ. ಈ ಮೊಳಿ ಕಾಣಬೇಕು, ಅಷ್ಟ."

ಬಂದೂಕನ್ನು ಕ್ಲಿನಿಕ್ಕಿಗೆ ತಂದರೆ ನಾನು ಹೆದರಿ ಸತ್ತೇನು ಎಂದು ಅದೇ ಅಳತೆಯ ಕೋಲು ತಂದಿದ್ದರು. ನಳಿಗೆಯ ಮೂತಿಯ ಮೇಲಿರುವ ಸಣ್ಣ ಗುರಿಮೊನೆ ವಯಸ್ಸಾದ ಕಣ್ಣಿಗೆ ಮಸುಕಾಗುತ್ತದೆ. ಅದು ಓದುವ ದೂರವೂ ಅಲ್ಲ, ರಸ್ತೆ ನೋಡುವ ದೂರವೂ ಅಲ್ಲ, ನಡುವಿನ ಒಂದು ಗಜ. ಆ ಗಜಕ್ಕೆ ಸರಿಯಾಗಿ ಒಂದು ಗಾಜು ಹಾಕಿಕೊಟ್ಟೆ. ಎರಡು ವಾರ ಬಿಟ್ಟು ಬಂದು ಕೌಂಟರಿನ ಮೇಲೆ ಒಂದು ಕಾಗದ ಹಾಸಿದರು. ನಟ್ಟನಡುವೆ ಐದು ತೂತು, ಐದನ್ನೂ ಒಂದು ಬಟ್ಟಲಿನಿಂದ ಮುಚ್ಚಬಹುದಿತ್ತು. "ನಿನ್ನ ಗಾಜು ಏನ ಮಾಡೇತಿ, ಬಂದ ನೋಡು" ಎಂದರು. ಅವರು ಗುಂಡು ಹಾರಿಸುವ ಬಯಲಿಗೆ ನಾನು ನೋಡಲು ಹೋದೆ. ಬರೀ ನೋಡಿ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅವರ ಬಂದೂಕು ಹಳೆಯ ಮಿಲಿಟರಿಯ ತ್ರೀ ನಾಟ್ ತ್ರೀ. ಸೈನ್ಯಕ್ಕೆ ಬೇಡವಾದ ಮೇಲೆ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಆಗೆಲ್ಲ ಅಂಥವನ್ನು ಅಂಗಡಿಯಲ್ಲಿ ಪೊರಕೆಗಳ ಹಾಗೆ ಪೀಪಾಯಿಯೊಳಗೆ ನಿಲ್ಲಿಸಿ ಮಾರುತ್ತಿದ್ದರಂತೆ. ಅದರ ಕತ್ತಿನ ಪಟ್ಟಿಯ ಮೇಲೆ ನಮ್ಮ ದೇಶದ ಕಾರ್ಖಾನೆಯ ಮುದ್ರೆ ನೋಡಿದಾಗ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಇಬ್ಬರೂ ಭಾರತದಿಂದ ಬಂದವರು, ಇಬ್ಬರಿಗೂ ಪ್ರಾಯ ದಾಟಿದೆ, ಇಬ್ಬರಿಗೂ ತೂಕ ಸ್ವಲ್ಪ ಹೆಚ್ಚು. ಮೊದಲ ಗುಂಡಿಗೆ ಭುಜಕ್ಕೆ ಕತ್ತೆ ಒದ್ದ ಹಾಗಾಯಿತು. ಗುಂಡು ಎಲ್ಲಿ ಹೋಯಿತೆಂದು ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಮಾರನೆಯ ದಿನ ಚಪಾತಿ ಹಿಟ್ಟು ನಾದಲು ಕೈ ಏಳಲಿಲ್ಲ. ಆದರೂ ಹದಿನೈದು ದಿನಕ್ಕೆ ಮತ್ತೆ ಹೋದೆ, ಆಮೇಲೆ ಪ್ರತಿ ಶನಿವಾರ.

ಹಾರಿಸುವುದಕ್ಕೆ ಒಂದು ತಾಸು, ತೊಳೆಯುವುದಕ್ಕೆ ಎರಡು ತಾಸು. ಇದು ವರ್ನನ್ ಕಲಿಸಿದ ಮೊದಲ ಪಾಠ. ಹಳೆಯ ಮಿಲಿಟರಿ ಗುಂಡುಗಳ ಮದ್ದಿನಲ್ಲಿ ಒಂದು ಬಗೆಯ ಉಪ್ಪು ಇರುತ್ತದೆ. ಗುಂಡು ಹೋದ ಮೇಲೆ ಉಪ್ಪು ನಳಿಗೆಯೊಳಗೆ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ರಾತ್ರಿಯೆಲ್ಲ ಗಾಳಿಯ ನೀರು ಕುಡಿದು ಬೆಳಗಾಗುವುದರಲ್ಲಿ ಉಕ್ಕನ್ನು ತಿನ್ನಲು ಶುರುಮಾಡುತ್ತದೆ. ಬರೀ ಎಣ್ಣೆ ಹಚ್ಚಿದರೆ ಉಪ್ಪು ಎಣ್ಣೆಯ ಕೆಳಗೆ ಹಾಯಾಗಿ ಕೂತಿರುತ್ತದೆ. ಮೊದಲು ಕುದಿಯುವ ನೀರು ಸುರಿಯಬೇಕು, ಆಮೇಲೆ ಬಟ್ಟೆ ಎಳೆಯಬೇಕು, ಆಮೇಲೆ ಎಣ್ಣೆ. "ಹಾರಿಸಿದ ದಿನಾನ ತೊಳೀಬೇಕು. ಕಣ್ಣಿಗೆ ಏನೂ ಕಾಣಲಿಲ್ಲಂದ್ರೂ ತೊಳೀಬೇಕು" ಎಂದು ಅವರು ಬೆರಳೆತ್ತಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಈ ಮಾತು ನಾನು ಎಂಟನೆಯ ವಯಸ್ಸಿನಿಂದ ಕೇಳಿದ್ದು.

ಗದಗಿನ ಮನೆಯಲ್ಲಿ ಊಟಕ್ಕೆ ಹದಿನಾಲ್ಕು ತಾಟು ಬೀಳುತ್ತಿದ್ದವು. ಹಿತ್ತಲ ಕಲ್ಲಿನ ಮೇಲೆ ಬೂದಿ, ತೆಂಗಿನ ನಾರು, ಒಂದು ಕೊಡ ನೀರು ಮತ್ತು ನಾನು. ನನ್ನ ಮೇಲ್ವಿಚಾರಕರು ಸಿಂಧೂ ಕಾಕು, ಅಪ್ಪನ ತಮ್ಮನ ಹೆಂಡತಿ. ಮುಸುರೆ ಎಂದರೆ ಬರೀ ಕೊಳೆ ಪಾತ್ರೆ ಎಂದು ತಿಳಿದವರು ಕಾಕುವಿನ ಕೈಯಲ್ಲಿ ಪಳಗಿಲ್ಲ. ಅನ್ನ ಮುಟ್ಟಿದ್ದೆಲ್ಲ ಮುಸುರೆ. ಬೆಳ್ಳಗೆ ಹೊಳೆಯುತ್ತಿದ್ದರೂ ಮುಸುರೆ. ಸಾರಿನ ಸೌಟು ಮುಟ್ಟಿದ ಕೈಯೂ ಮುಸುರೆ, ಆ ಕೈ ಮುಟ್ಟಿದ ತಂಬಿಗೆಯೂ ಮುಸುರೆ. ಮತ್ತು ಅದು ಒಂದು ರಾತ್ರಿಯೂ ಮನೆಯಲ್ಲಿ ಉಳಿಯಕೂಡದು. ನಾನು ತಿಕ್ಕಿ ಬೋರಲು ಹಾಕಿದ ಬೋಗುಣಿಯನ್ನು ಕಾಕು ಎತ್ತಿ ಮೂಗಿಗೆ ಹಿಡಿಯುತ್ತಿದ್ದಳು.

"ಇದಕ್ಕ ತೊಳದದ್ದು ಅಂತಾರೇನ? ಕಂಠದಾಗ ಮುಸುರಿ ಹಾಂಗ ಅದ. ಮತ್ತ ತಿಕ್ಕು."

ನಾನು ಮನಸ್ಸಿನಲ್ಲಿ ಕಾಕುವನ್ನು ಬೈಯುತ್ತ, ದೊಡ್ಡವಳಾದ ಮೇಲೆ ಇಂಥ ಕೆಲಸ ಜನ್ಮದಲ್ಲಿ ಮಾಡಬಾರದು ಎಂದು ಆಣೆಯಿಡುತ್ತಿದ್ದೆ. ಅದಕ್ಕೇ ಓದಿದೆ, ಅದಕ್ಕೇ ಇಷ್ಟು ದೂರ ಬಂದೆ, ಅದಕ್ಕೇ ಮದುವೆಯಾದ ವರ್ಷವೇ ಡಿಶ್‌ವಾಷರ್ ಕೊಂಡೆ. ಈಗ ಶನಿವಾರ ಶನಿವಾರ ಒಬ್ಬ ಮುದುಕರ ಗ್ಯಾರೇಜಿನಲ್ಲಿ ನಿಂತು ಉಕ್ಕಿನ ಮುಸುರೆ ತಿಕ್ಕುತ್ತಿದ್ದೇನೆ.

ಆದರೆ ಕಾಕುವಿನ ವಿದ್ಯೆಯೆಲ್ಲ ಇಲ್ಲಿ ನಡೆಯುವುದಿಲ್ಲ ಎಂಬುದನ್ನೂ ಕಲಿತೆ. ಆ ಬಂದೂಕಿನ ಹಿಂಬದಿಗೆ, ಭುಜಕ್ಕೆ ಒರಗುವಲ್ಲಿ, ಒಂದು ಹಿತ್ತಾಳೆಯ ತಗಡಿದೆ. ಎರಡು ತಿರುಪು ತೆಗೆದರೆ ಕೈಗೆ ಬರುತ್ತದೆ. ಒಮ್ಮೆ ಅದನ್ನು ಸ್ವಚ್ಛ ಮಾಡಿ ತರುತ್ತೇನೆಂದು ಮನೆಗೆ ಒಯ್ದೆ. ಕಪ್ಪು ಕಂದು ಬಣ್ಣಕ್ಕೆ ತಿರುಗಿದ ಹಿತ್ತಾಳೆಯನ್ನು ಕಂಡರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕೈ ಸುಮ್ಮನಿರುತ್ತದೆಯೇ? ಹುಣಸೆಹಣ್ಣು ನೆನೆಸಿದೆ, ಉಪ್ಪು ಸೇರಿಸಿದೆ, ಅರ್ಧ ತಾಸು ತಿಕ್ಕಿದೆ. ದೇವರ ಮುಂದಿನ ತಂಬಿಗೆಯಂತೆ ಫಳಫಳ ಹೊಳೆಯಿತು. ಹೂವಿನಂತೆ ಬಟ್ಟೆಯಲ್ಲಿ ಸುತ್ತಿ ಒಯ್ದು ಕೊಟ್ಟೆ. ಬಟ್ಟೆ ಬಿಚ್ಚಿದ ವರ್ನನ್ ಮುಖದಲ್ಲಿ ರಕ್ತವಿರಲಿಲ್ಲ. ಹಳೆಯ ಬಂದೂಕಿನ ಹಿತ್ತಾಳೆಗೆ ಆ ಕಪ್ಪು ಬಣ್ಣವೇ ಮರ್ಯಾದೆಯಂತೆ. ಎಷ್ಟೋ ಸಿಪಾಯಿಗಳ ಭುಜದ ಬೆವರು ಕೂಡಿ ಆದದ್ದಂತೆ. ನಾನು ಅದನ್ನು ಸಾರಿನ ಹುಳಿಯಲ್ಲಿ ತೊಳೆದಿದ್ದೆ.

"ಡಾಕ್, ಇದನ್ನ ಹಳೇದ ಮಾಡಾಕ ಈಗ ಇನ್ನೊಂದು ಯುದ್ಧ ಬೇಕಾಕ್ಕೈತಿ" ಎಂದರು. ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಮೇಲಿನ ಶನಿವಾರ ನಾನು ಪ್ರಾಯಶ್ಚಿತ್ತಕ್ಕೆಂದು ಜೋಳದ ರೊಟ್ಟಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋದೆ. ಬಂದೂಕಿನ ಮರದ ಹಿಡಿಗೆ ಅವರು ಹಚ್ಚುವುದೂ ಅಗಸೆ ಎಣ್ಣೆಯೇ. ಚಟ್ನಿಪುಡಿಯನ್ನು ಮೂಸಿ, ಹಿಡಿಯನ್ನು ಮೂಸಿ, ಮತ್ತೆ ಪುಡಿಯನ್ನು ಮೂಸಿ, "ನೀವು ಇದನ್ನ ತಿಂತೀರಿ?" ಎಂದು ಬೆರಗಾದರು. ತಿಂದರು ಕೂಡ. ನಾಲ್ಕು ಗ್ಲಾಸು ನೀರು ಕುಡಿದರು.

ಕಳೆದ ವರ್ಷ ಅವರ ಕಣ್ಣಿನ ನಡುವಿನ ದೃಷ್ಟಿ ಹೋಗತೊಡಗಿತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಅದನ್ನು ಕಂಡುಹಿಡಿದವಳೂ ನಾನೇ, ಇನ್ನು ಯಾವ ಗಾಜೂ ನಿಮಗೆ ಆ ಮೊಳೆಯನ್ನು ತೋರಿಸಲಾರದು ಎಂದು ಹೇಳಬೇಕಾದವಳೂ ನಾನೇ. ದೊಡ್ಡ ಆಸ್ಪತ್ರೆಯವರೂ ಅದನ್ನೇ ಹೇಳಿದರು. ನನ್ನ ಕೆಲಸದಲ್ಲಿ ಅಷ್ಟು ಕೆಟ್ಟ ಮಧ್ಯಾಹ್ನ ಇನ್ನೊಂದಿಲ್ಲ. ಅವರು ಟೋಪಿ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು, ಹ್ಯೂಸ್ಟನ್ ಹತ್ತಿರ ಹಳೆಯ ಬಂದೂಕಿನವರ ಪಂದ್ಯವಿದೆ, ಪ್ರತಿ ವರ್ಷ ತಾವು ಹೋಗುತ್ತಿದ್ದದ್ದು, ಈ ಸಲ ನೀನು ಹೋಗು ಎಂದರು.

"ಬಂದೂಕು?"

"ನಂದ ಒಯ್ಯಿ. ಒಂದ ಮಾತು. ಎಲ್ಲಾ ಗುಂಡು ಗುರಿ ತಪ್ಪಿದ್ರೂ ನಡೀತೈತಿ. ಹೆಂಗ ಒಯ್ತಿ ಹಂಗ ತಂದ ಕೊಡಬೇಕು. ಒಂದ ಚುಕ್ಕಿ ತುಕ್ಕು ಬಂತೋ, ಮತ್ತ ನನ್ನ ಗ್ಯಾರೇಜಿಗೆ ಬರಬ್ಯಾಡ."

ಹಿತ್ತಾಳೆಯ ನೆನಪು ಇಬ್ಬರಿಗೂ ಇತ್ತು. ನಾನು ತಲೆಯಾಡಿಸಿದೆ. ಅವರಿಗೆ ಕಾಣಲಿಲ್ಲವೇನೋ ಎಂದು ಬಾಯಿಬಿಟ್ಟೂ ಹೇಳಿದೆ, "ಆಯ್ತು."

ಪಂದ್ಯದ ಸಾಧನೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಇಪ್ಪತ್ತೆರಡು ಜನ ಇದ್ದರು, ನಾನು ಹದಿನೆಂಟನೆಯವಳು. ನನ್ನ ಹಿಂದೆ ಇದ್ದ ನಾಲ್ವರೂ ಆರಡಿ ಗಂಡಸರು ಎಂಬುದನ್ನು ದಯವಿಟ್ಟು ಗಮನಿಸಿ. ಆಸ್ಟಿನ್‌ನಲ್ಲಿ ಓದುವ ಮಗಳು ಮೇಘಾ ಮೂರು ತಾಸು ಡ್ರೈವ್ ಮಾಡಿಕೊಂಡು ನೋಡಲು ಬಂದಿದ್ದಳು. "ಅಮ್ಮಾ, ದಿಸ್ ಈಸ್ ಸೋ ಎಂಬ್ಯಾರಸಿಂಗ್" ಎನ್ನುತ್ತಲೇ ನಲವತ್ತು ಫೋಟೋ ತೆಗೆದಳು.

ಆ ರಾತ್ರಿ ಉಳಿಯುವುದು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ, ಗೆಳತಿ ಪುಷ್ಪಾಳ ಮನೆಯಲ್ಲಿ. ಪುಷ್ಪಾ ಮೈಸೂರಿನವಳು, ಆಕಾಶಕ್ಕೆ ಹೋಗುವ ಯಂತ್ರಗಳ ಲೆಕ್ಕ ಹಾಕುವ ಇಂಜಿನಿಯರ್. ಸಂಜೆ ಐದಕ್ಕೆ ನಾನು ಉದ್ದ ಪೆಟ್ಟಿಗೆ ಹಿಡಿದು ಕಾರಿನಿಂದ ಇಳಿದಾಗ ಬಾಗಿಲಿಗೆ ಅಡ್ಡ ನಿಂತಳು.

"ರೋಹಿಣಿ, ಗನ್ನು ಒಳಗೆ ತರಲೇಬೇಕಾ? ಖಾಲಿ ಇದ್ರೂ ನಂಗೆ ಕೈಕಾಲು ನಡುಗತ್ತೆ ಕಣೆ. ಕಾರಲ್ಲೇ ಇರ್ಲಿ, ಬೆಳಿಗ್ಗೆ ನೋಡ್ಕೊಂಡ್ರಾಯ್ತು."

ಹ್ಯೂಸ್ಟನ್ನಿನ ಗಾಳಿಯಲ್ಲಿ ಕರಿದ ಹಪ್ಪಳ ತಾಸಿನೊಳಗೆ ಬಟ್ಟೆಯಾಗುತ್ತದೆ. ಉಪ್ಪು ಹಿಡಿದ ನಳಿಗೆಗೆ ಅಲ್ಲಿನ ಒಂದು ರಾತ್ರಿ ಸಾಕು. ಗುಂಡಿನ ಮದ್ದು, ರಸಾಯನ, ತುಕ್ಕು ಎಂದು ವಿವರಿಸಲು ನನಗೆ ತಾಳ್ಮೆ ಇರಲಿಲ್ಲ.

"ಪುಷ್ಪಾ, ಅದು ಮುಸುರಿ ಅದವಾ. ಹಾಂಗ ಹ್ಯಾಂಗ ಇಡ್ಲಿ?"

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಮುಸುರೇನಾ? ಅಯ್ಯೋ, ಮುಸುರೆ ರಾತ್ರಿಯೆಲ್ಲ ಹಾಗೇ ಇಡಬಾರ್ದು. ಬಾ, ಬಾ ಒಳಗೆ!"

ಗನ್ ಎಂದಾಗ ನಡುಗಿದವಳು ಮುಸುರೆ ಎಂದಾಕ್ಷಣ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಮೂರು ಸಲ ನೀರು ಕುದಿಸಿದಳು. ಹಿತ್ತಲಲ್ಲಿ ಬಕೆಟ್ ಹಿಡಿದು ಕೂತಳು. ನಾನು ಅಗುಳಿ ತೆಗೆದಿಟ್ಟೆ. ಅಗುಳಿ ಎಂದರೆ ನಳಿಗೆಯ ಹಿಂಬಾಗಿಲಿನ ಬೋಲ್ಟು, ಗುಂಡಿನ ಬೆನ್ನಿಗೆ ಒತ್ತಿ ನಿಲ್ಲುವ ಉಕ್ಕಿನ ತುಂಡು. ಬಂದೂಕಿನ ಮೂತಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಮರಕ್ಕೆ ನೀರು ತಾಗದ ಹಾಗೆ ಹಿಂದಿನಿಂದ, ಜೊತೆಗೆ ಒಯ್ದಿದ್ದ ತಗಡಿನ ಲಾಳಿಕೆಯ ಉದ್ದ ಕೊಕ್ಕು ತೂರಿಸಿ ನೀರು ಸುರಿದೆ. ಮೊದಲು ಇದ್ದಿಲು ಕಪ್ಪು, ಆಮೇಲೆ ಚಹಾದ ಬಣ್ಣ, ಮೂರನೆಯ ಕೆಟಲಿಗೆ ಬರೀ ನೀರು. ಉಕ್ಕು ಕೈ ಸುಡುವಷ್ಟು ಕಾದು ತಾನೇ ಒಣಗಿತು. ದಾರಕ್ಕೆ ಬಿಳಿ ಬಟ್ಟೆ ಸಿಕ್ಕಿಸಿ ಎಳೆದೆ, ಮತ್ತೆ ಎಳೆದೆ. ಗ್ಯಾರೇಜಿನಲ್ಲಿ ವರ್ನನ್ ಯಾವಾಗಲೂ ತಾವೇ ಒರೆಸಿಡುತ್ತಿದ್ದ ಅಗುಳಿಯನ್ನೂ ಬಿಡಲಿಲ್ಲ, ಅದರ ಮುಖಕ್ಕೆ ಬಿಸಿನೀರು ಹೊಯ್ದು ಹಳೆಯ ಬ್ರಶ್ಶಿನಿಂದ ಮೂಲೆ ಮೂಲೆ ತಿಕ್ಕಿದೆ. ಎಷ್ಟೋ ಕಾಲದ ಗಟ್ಟಿ ಜಿಡ್ಡು ಪದರು ಪದರಾಗಿ ಎದ್ದು ಬಂತು. ಹತ್ತನೆಯ ಬಟ್ಟೆ ಹೋದ ಹಾಗೇ ಬೆಳ್ಳಗೆ ಹೊರಗೆ ಬಂದಾಗ ಪುಷ್ಪಾ ಅದನ್ನು ಬೆಳಕಿಗೆ ಹಿಡಿದು, "ಈಗ ಶುದ್ಧವಾಯ್ತು ನೋಡು" ಎಂದಳು. ಎಲ್ಲಕ್ಕೂ ಎಣ್ಣೆ ಸವರಿ ಪೆಟ್ಟಿಗೆಗೆ ಹಾಕಿ ಇಬ್ಬರೂ ಕಾಫಿ ಕುಡಿದೆವು. ಪದಕ ಗೆದ್ದು ಬಂದವರಷ್ಟು ಬೀಗಿದೆವು.

ಬೀಗಿದ್ದು ಎರಡೇ ದಿನ. ಸೋಮವಾರ ಮನೆಯಲ್ಲಿ, ಕೊಡುವ ಮೊದಲು ಇನ್ನೊಮ್ಮೆ ನೋಡೋಣವೆಂದು ಪೆಟ್ಟಿಗೆ ತೆರೆದೆ. ನಳಿಗೆ ಕನ್ನಡಿ. ಅಗುಳಿಯ ಮುಖದ ಎಣ್ಣೆ ಒರೆಸಿ, ಕ್ಲಿನಿಕ್ಕಿನ ಭೂತಗನ್ನಡಿ ಹಿಡಿದೆ. ಅಂಚಿನಲ್ಲಿ ಅರ್ಧ ಸಾಸಿವೆಯಷ್ಟು ಒಂದು ಕಂದು ಚುಕ್ಕೆ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಸಣ್ಣ ಗುಳಿ ಬಿದ್ದಿತ್ತು. ಒಯ್ಯುವಾಗ ನಾನೇ ನೋಡಿದ್ದೆ, ಇರಲಿಲ್ಲ. ಅಲ್ಲಿ ನೀರು ನಿಂತಿರಬೇಕು, ನಾನು ಸರಿಯಾಗಿ ಒಣಗಿಸಿಲ್ಲ.

ನಮ್ಮ ಯಜಮಾನರು ಭೂತಗನ್ನಡಿ ಇಸಿದುಕೊಂಡು ನೋಡಿದರು. "ಇದು ನನಗ ಕಾಣವಲ್ತು, ಪಾಪ ಆ ಮುದುಕಗ ಎಲ್ಲಿ ಕಾಣ್ತದ? ಸುಮ್ನ ಎಣ್ಣಿ ಹಚ್ಚಿ ಕೊಟ್ಟ ಬಾ."

ಅವರು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ನನ್ನ ಶನಿವಾರಗಳು ಹೋಗುತ್ತವೆ ಎಂಬ ಸಂಕಟ ಅವರಿಗೂ ಇತ್ತು. ನಾನೂ ಸುಳ್ಳು ಹೇಳುವುದಿಲ್ಲ, ಆ ಸಲಹೆ ಒಂದಿಡೀ ದಿನ ನನ್ನ ಜೊತೆ ಓಡಾಡಿತು. ಆದರೆ ಆ ಮನುಷ್ಯನಿಗೆ ಕಾಣುವುದಿಲ್ಲ ಎಂದು ಬರೆದುಕೊಟ್ಟವಳು ನಾನು. ಅದೇ ಕಾಗದದ ಮರೆಯಲ್ಲಿ ನಾನೇ ಅಡಗಿಕೊಳ್ಳುವುದು ಹೇಗೆ?

ಮಂಗಳವಾರ ಕ್ಲಿನಿಕ್ ಮುಗಿಸಿ ಹೋದೆ. ವರ್ನನ್ ಗ್ಯಾರೇಜಿನ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಟಾರ್ಚು ಅಭ್ಯಾಸಬಲದಿಂದ ಮೇಜಿನ ಮೇಲೇ ಇತ್ತು. ಅವರು ಅದನ್ನು ಎತ್ತಿ, ತುಸು ಹೊತ್ತು ಹಿಡಿದು, ನನ್ನ ಕೈಗೆ ಕೊಟ್ಟರು.

"ನೀನ ನೋಡಿ ಹೇಳು. ಹೆಂಗೈತಿ?"

ಟಾರ್ಚು ಹಚ್ಚುವ ಅಗತ್ಯವಿರಲಿಲ್ಲ. "ನಳಗಿ ಚಲೋ ಅದ. ಅಗಳಿ ಮಾರಿ ಮ್ಯಾಲ ಒಂದು ಚುಕ್ಕಿ ತುಕ್ಕು ಬಂದದ. ಒಯ್ಯೂ ಮುಂದ ಇರಲಿಲ್ಲ. ತಪ್ಪು ನಂದು" ಎಂದೆ. ಇಂಗ್ಲಿಷಿನಲ್ಲೇ ಹೇಳಿದೆ, ಆದರೆ ಒಳಗೆ ಹುಟ್ಟಿದ್ದು ಹೀಗೆ.

ಅವರು ಕೈ ಚಾಚಿದರು. ಅಗುಳಿ ಕೊಟ್ಟೆ. ಹೆಬ್ಬೆರಳಿನ ಉಗುರನ್ನು ಅದರ ಮುಖದ ಅಂಚಿನ ಮೇಲೆ ನಿಧಾನ ಸುತ್ತಿಸಿದರು. ಒಂದು ಕಡೆ ಉಗುರು ನಿಂತಿತು. ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತಿತು. ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡೆ.

"ಇದು ನಿಂದಲ್ಲ" ಎಂದರು. "ನಂದು."

ಅವರಿಗೆ ಮಗಳು ಹುಟ್ಟಿದ್ದು ತಡವಾಗಿ, ಆಸೆ ಬಿಟ್ಟ ಮೇಲೆ. ಅವತ್ತು ಗುಂಡು ಹಾರಿಸಿ ಮನೆಗೆ ಬಂದು ಬಂದೂಕನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಫೋನು ಬಂತಂತೆ. ಹಾಗೇ ಆಸ್ಪತ್ರೆಗೆ ಓಡಿದ್ದು, ಮನೆಗೆ ಬಂದಿದ್ದು ಮೂರನೆಯ ದಿನ. ನಳಿಗೆ ಹೇಗೋ ಉಳಿಯಿತು, ಅಗುಳಿಯ ಮೇಲೆ ಈ ಗುಳಿ ಬಿತ್ತು. ಊರಿಗೆಲ್ಲ ಸ್ವಚ್ಛತೆಯ ಪಾಠ ಹೇಳುವ ಮನುಷ್ಯ, ಮೇಲೆ ಗ್ರೀಸ್ ಮೆತ್ತಿ ಇಷ್ಟು ವರ್ಷ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರು.

"ನಿನ್ನ ಬಿಸಿನೀರು ಎಲ್ಲಾ ಬಿಚ್ಚಿ ಇಟ್ಟೈತಿ ನೋಡು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಿನಗಿಂತ ಮೊದಲ ಇಬ್ಬರು ಒಯ್ದಿದ್ರು. ಇಬ್ಬರೂ ಕನ್ನಡಿ ಹಂಗ ಐತಿ ಅಂತ ತಂದ ಕೊಟ್ರು. ಅವರು ಸುಳ್ಳು ಹೇಳಲಿಲ್ಲ, ಡಾಕ್. ಅವರಿಗೆ ಚುಕ್ಕಿ ಕಾಣಲಿಲ್ಲ. ಆ ಗ್ರೀಸಿನ ಬುಡದತನಕ ಯಾರೂ ತೊಳದಿರಲಿಲ್ಲ."

ಆ ಕ್ಷಣದ ಹೆಮ್ಮೆಯನ್ನು ಮುಚ್ಚಿಡುವವಳು ನಾನಲ್ಲ. ಪದವಿ ಕೈಗೆ ಬಂದಾಗ, ಕ್ಲಿನಿಕ್ಕಿನ ಮೇಲೆ ನನ್ನ ಹೆಸರಿನ ಬೋರ್ಡು ಏರಿದಾಗ ಕೂಡ ನನಗೆ ಇಷ್ಟು ಎದೆ ಉಬ್ಬಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವರಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳದೆ ಬಿಟ್ಟೆ.

ವರ್ನನ್ ಅಗುಳಿಗೆ ಎಣ್ಣೆ ಸವರಿದರು. ಕೈಯಳತೆಯಲ್ಲೇ ಅದನ್ನು ಬಂದೂಕಿಗೆ ಸೇರಿಸಿ, ಬಂದೂಕನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಿ, ಪೆಟ್ಟಿಗೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಮನೀಗೆ ಒಯ್ಯಿ."

"ಎಷ್ಟ ದಿನಕ್ಕ?" ಎಂದೆ.

"ನಿನ್ನ ಕಣ್ಣ ಇರೂತನಕ."